ಒಂದೇ ಉಪಗ್ರಹ, ಇಬ್ಬರು ಒಡೆಯರು

ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಭಾರತೀಯರ ಮೊಬೈಲುಗಳಲ್ಲಿ ಒಂದು ಚಿತ್ರ ಹರಿದಾಡುವುದುಂಟು. ಕತ್ತಲೆಯ ಹಿನ್ನೆಲೆಯಲ್ಲಿ ಭಾರತದ ಭೂಪಟ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬಣ್ಣದ ಬೆಳಕಿನ ಚುಕ್ಕೆಗಳು. ಜೊತೆಗೆ, ದೀಪಾವಳಿಯ ರಾತ್ರಿ ನಮ್ಮ ದೇಶ ಬಾಹ್ಯಾಕಾಶದಿಂದ ಹೀಗೆ ಕಾಣುತ್ತದೆಂಬ ಒಕ್ಕಣೆ. ವಾಸ್ತವದಲ್ಲಿ ಅದು ಯಾವುದೇ ಒಂದು ರಾತ್ರಿಯ ಚಿತ್ರವಲ್ಲ. ಹಲವು ವರ್ಷಗಳಲ್ಲಿ ನಗರಗಳ ಬೆಳಕು ಹೇಗೆ ವಿಸ್ತರಿಸಿತೆಂಬುದನ್ನು ತೋರಿಸಲು ಅಮೆರಿಕದ ವಿಜ್ಞಾನಿಗಳು ರಚಿಸಿದ ನಕ್ಷೆ ಅದು. 1992ಕ್ಕೂ ಮುಂಚಿನ ಬೆಳಕಿಗೆ ಬಿಳಿ, 1992ರದಕ್ಕೆ ನೀಲಿ, 1998ರದಕ್ಕೆ ಹಸಿರು, 2003ರದಕ್ಕೆ ಕೆಂಪು. ಈ ತಪ್ಪು ಗ್ರಹಿಕೆಯನ್ನು ತಿದ್ದಲೆಂದೇ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ, 2012ರ ನವೆಂಬರ್ 12ರಂದು ತೆಗೆದ ನಿಜವಾದ ರಾತ್ರಿಯ ಚಿತ್ರವೊಂದನ್ನು ಪ್ರಕಟಿಸಿತು. ಹಣತೆಯ ಬೆಳಕು ಅಷ್ಟು ಎತ್ತರಕ್ಕೆ ಗೋಚರಿಸುವಂಥದಲ್ಲವೆಂಬ ವಿವರಣೆಯೂ ಅದರೊಡನೆ ಇತ್ತು.

ಗಮನಿಸಬೇಕಾದುದು ಈ ಎರಡು ಚಿತ್ರಗಳ ಮೂಲವನ್ನು. ಮೊದಲನೆಯದರ ಮಾಹಿತಿ ಬಂದದ್ದು ಅಮೆರಿಕದ ವಾಯುಪಡೆಯ ಉಪಗ್ರಹಗಳಿಂದ. ಎರಡನೆಯದು ನಾಗರಿಕ ಉಪಗ್ರಹದಿಂದ. ಇವೆರಡನ್ನೂ ಒಂದಾಗಿಸಿ ಹಣ ಉಳಿಸಬೇಕೆಂದು ಅಮೆರಿಕದ ಸರಕಾರ ಹದಿನಾರು ವರ್ಷಗಳ ಕಾಲ ನಡೆಸಿದ ಪ್ರಯತ್ನ, ಭೂವೀಕ್ಷಣೆಯ ಆಡಳಿತ ನೀತಿಯ ಚರಿತ್ರೆಯಲ್ಲಿ ಬಹುಶಃ ಅತ್ಯಂತ ದುಬಾರಿಯಾದ ಪಾಠಗಳಲ್ಲೊಂದು.

ಪ್ರಪಂಚದ ಮೊತ್ತಮೊದಲ ಯಶಸ್ವಿ ಹವಾಮಾನ ಉಪಗ್ರಹ ಟೈರೋಸ್-1 ಕಕ್ಷೆಗೇರಿದ್ದು 1960ರ ಏಪ್ರಿಲ್ 1ರಂದು. ಅದು ಬಹಿರಂಗ ಕಾರ್ಯ. ಅದರ ಮೋಡದ ಚಿತ್ರಗಳು ಪತ್ರಿಕೆಗಳಲ್ಲಿಯೂ ಅಚ್ಚಾದವು. ಅದೇ ವರ್ಷ ಇನ್ನೊಂದು ಕೆಲಸ ಗುಟ್ಟಾಗಿ ಸಾಗಿತ್ತು. ಕೊರೊನಾ ಎಂಬ ಹೆಸರಿನ ಬೇಹುಗಾರಿಕೆಯ ಉಪಗ್ರಹಗಳು ಸೋವಿಯತ್ ಭೂಭಾಗವನ್ನು ಫಿಲ್ಮಿನ ಮೇಲೆ ಚಿತ್ರಿಸಿ, ಆ ಫಿಲ್ಮನ್ನು ಪೆಟ್ಟಿಗೆಯಲ್ಲಿಟ್ಟು ಭೂಮಿಯತ್ತ ಬೀಳಿಸುತ್ತಿದ್ದವು. ವಿಮಾನಗಳು ಅದನ್ನು ಆಕಾಶದಲ್ಲಿಯೇ ಹಿಡಿಯುತ್ತಿದ್ದವು. ಇಷ್ಟೆಲ್ಲ ಸಾಹಸ ಮಾಡಿ ತಂದ ಫಿಲ್ಮನ್ನು ತೊಳೆದು ನೋಡಿದರೆ ಅದರ ಗಣನೀಯ ಭಾಗದಲ್ಲಿ ಕಾಣುತ್ತಿದ್ದುದು ಬರಿಯ ಮೋಡ. ಎಲ್ಲಿ ಯಾವಾಗ ಆಕಾಶ ತಿಳಿಯಾಗಿರುತ್ತದೆಂದು ಮುಂಚಿತವಾಗಿ ತಿಳಿಯಲು ಸೇನೆಗೆ ತನ್ನದೇ ಹವಾಮಾನ ಉಪಗ್ರಹ ಬೇಕೆನಿಸಿತು. 1962ರ ಆಗಸ್ಟಿನಲ್ಲಿ ಅಂಥದೊಂದು ಯಶಸ್ವಿಯಾಗಿ ಕಕ್ಷೆ ಸೇರಿತು. ಮುಂದೆ ಡಿಎಂಎಸ್‌ಪಿ ಎಂಬ ಹೆಸರು ಪಡೆದ ಈ ಸಾಲಿನ ಅಸ್ತಿತ್ವವನ್ನೇ ಎಪ್ಪತ್ತರ ದಶಕದ ಆರಂಭದವರೆಗೂ ಸಾರ್ವಜನಿಕರಿಗೆ ತಿಳಿಸಿರಲಿಲ್ಲ. ನಾಗರಿಕ ಸಾಲು ಮಾತ್ರ ವಾಣಿಜ್ಯ ಇಲಾಖೆಗೆ ಸೇರಿದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ, ಎಂದರೆ ನೋವಾದ, ಅಧೀನದಲ್ಲಿ ಬೆಳೆಯಿತು.

ಎರಡೂ ಸಾಲಿನ ಉಪಗ್ರಹಗಳು ಹೊರಗಿನಿಂದ ನೋಡುವವರಿಗೆ ಅವಳಿಗಳಂತೆಯೇ ಕಾಣುತ್ತಿದ್ದವು. ಎರಡೂ ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ದಿನಕ್ಕೆ ಹದಿನಾಲ್ಕು ಪ್ರದಕ್ಷಿಣೆ ಹಾಕುವಂಥವು. ಕೆಳಗೆ ಭೂಮಿ ತಿರುಗುತ್ತಿರುವುದರಿಂದ ಇಡೀ ಭೂಗೋಳ ಅವುಗಳ ನೋಟಕ್ಕೆ ಸಿಗುತ್ತದೆ. ಇಂಥ ಕಕ್ಷೆಯ ಇನ್ನೊಂದು ಗುಣವೆಂದರೆ, ಉಪಗ್ರಹವು ಯಾವುದೇ ಊರಿನ ಮೇಲೆ ಹಾಯುವಾಗ ಅಲ್ಲಿನ ಸ್ಥಳೀಯ ವೇಳೆ ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಭಿನ್ನಾಭಿಪ್ರಾಯ ಮೊಳೆತದ್ದು ಇಲ್ಲಿಯೇ. ಸೇನೆಗೆ ಬೇಕಾದದ್ದು ನಸುಕಿನ ನೋಟ. ಬೆಳಗಿನ ಕಾರ್ಯಾಚರಣೆಗೆ ಹೊರಡುವ ಮುನ್ನ ಗುರಿಯ ಮೇಲೆ ಮೋಡವಿದೆಯೇ, ಮಂಜು ಕವಿದಿದೆಯೇ ಎಂದು ತಿಳಿಯಬೇಕು. ಬೆಳದಿಂಗಳಲ್ಲಿಯೂ ಮೋಡ ಗುರುತಿಸುವಷ್ಟು ಸೂಕ್ಷ್ಮವಾದ ಕಣ್ಣು ಬೇಕು. ನಗರಗಳ ದೀಪಗಳು ಆ ಕಣ್ಣಿಗೆ ಬಿದ್ದದ್ದು ಆಕಸ್ಮಿಕ ಲಾಭ. ನಾಗರಿಕ ಹವಾಮಾನ ತಜ್ಞರಿಗೆ ಬೇಕಾದದ್ದು ಮಧ್ಯಾಹ್ನದ ನೋಟ, ಹಾಗೂ ಚಿತ್ರಕ್ಕಿಂತ ಹೆಚ್ಚಾಗಿ ಅಳತೆ: ನೆಲದಿಂದ ಮೇಲಕ್ಕೆ ಪದರಪದರವಾಗಿ ಗಾಳಿಯ ಉಷ್ಣತೆ ಎಷ್ಟು, ತೇವಾಂಶ ಎಷ್ಟು ಎಂಬ ಅಂಕಿಗಳು. ಮೂರು ದಿನ, ಐದು ದಿನ ಮುಂದಿನ ಮುನ್ಸೂಚನೆಯನ್ನು ಗಣಕಯಂತ್ರಗಳು ಲೆಕ್ಕ ಹಾಕುವುದು ಈ ಅಂಕಿಗಳಿಂದಲೇ.

ಇದಕ್ಕಿಂತಲೂ ಆಳವಾದ ವ್ಯತ್ಯಾಸ ಮಾಹಿತಿಯ ಹಂಚಿಕೆಯದು. ಹವಾಮಾನಕ್ಕೆ ಗಡಿಯಿಲ್ಲ, ಒಂದು ದೇಶದ ಚಂಡಮಾರುತ ಇನ್ನೊಂದರ ಸಮುದ್ರದಲ್ಲಿ ಹುಟ್ಟುತ್ತದೆ. ಆದ್ದರಿಂದ ನಾಗರಿಕ ಸಂಸ್ಥೆಗಳು ತಮ್ಮ ಮಾಹಿತಿಯನ್ನು ಜಗತ್ತಿಗೆಲ್ಲ ಉಚಿತವಾಗಿ ಕೊಡುವುದನ್ನು ಧರ್ಮವೆಂದೇ ಭಾವಿಸಿದ್ದವು. ಸೇನೆಯಾದರೋ ಯುದ್ಧಕಾಲದಲ್ಲಿ ಆ ಮಾಹಿತಿ ಶತ್ರುವಿನ ಕೈಸೇರದಂತೆ ತಡೆಯುವ ಅಧಿಕಾರ ತನಗಿರಬೇಕೆನ್ನುತ್ತಿತ್ತು. ಒಂದೇ ಬಾವಿಯ ನೀರನ್ನು ಒಬ್ಬನು ಊರಿಗೆಲ್ಲ ಹಂಚಬೇಕೆನ್ನುವವನು, ಇನ್ನೊಬ್ಬನು ಬೇಕಾದಾಗ ಬೀಗ ಹಾಕಬೇಕೆನ್ನುವವನು.

ಆದರೂ ಲೆಕ್ಕಪತ್ರ ನೋಡುವವರ ಕಣ್ಣಿಗೆ ಎರಡು ಉಪಗ್ರಹಗಳು, ಎರಡು ಕಚೇರಿಗಳು, ಎರಡು ವೆಚ್ಚಗಳು ಮಾತ್ರ ಕಾಣುತ್ತಿದ್ದವು. ಎಪ್ಪತ್ತರ ದಶಕದಿಂದಲೂ ವಿಲೀನದ ಪ್ರಸ್ತಾಪಗಳು ಬಂದು ಹೋಗುತ್ತಿದ್ದವು. ಶೀತಲ ಸಮರ ಮುಗಿದು, ಸರಕಾರದ ಖರ್ಚನ್ನು ತಗ್ಗಿಸುವ ಉತ್ಸಾಹ ಮೇಲೆದ್ದಾಗ ಆ ಪ್ರಸ್ತಾಪಕ್ಕೆ ಬಲ ಬಂದಿತು. 1994ರ ಮೇ ತಿಂಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹೊರಡಿಸಿದ ಆದೇಶದ ಮೂಲಕ ಎರಡು ಸಾಲುಗಳನ್ನೂ ಬೆಸೆದು ಎನ್‌ಪೋಸ್ ಎಂಬ ಏಕೈಕ ರಾಷ್ಟ್ರೀಯ ವ್ಯವಸ್ಥೆಯನ್ನು ರೂಪಿಸಲು ತೀರ್ಮಾನವಾಯಿತು. 1999ರೊಳಗೆ 30 ಕೋಟಿ ಡಾಲರ್, ಒಂದು ದಶಕದಲ್ಲಿ 100 ಕೋಟಿ ಡಾಲರ್‌ವರೆಗೆ ಉಳಿತಾಯವಾಗಬಹುದೆಂಬುದು ನಿರೀಕ್ಷೆ. ಮುಂದೆ 1998ರಲ್ಲಿ ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆಯೊಡನೆ ಒಪ್ಪಂದವಾಗಿ, ಮುಂಜಾನೆಯ ಒಂದು ಕಕ್ಷೆಯ ಹೊಣೆಯನ್ನು ಅದು ಹೊತ್ತಿತು.

ಆದೇಶದ ಪ್ರಕಾರ ಒಟ್ಟು ನಿರ್ವಹಣೆ ನೋವಾದ್ದು, ಖರೀದಿಯ ಹೊಣೆ ರಕ್ಷಣಾ ಇಲಾಖೆಯದು, ಹೊಸ ತಂತ್ರಜ್ಞಾನ ನಾಸಾದ್ದು. ವೆಚ್ಚವನ್ನು ಮೊದಲಿನ ಎರಡು ಇಲಾಖೆಗಳು ಸಮಪಾಲಾಗಿ ಭರಿಸಬೇಕು. ಮೂವರ ಹಿರಿಯ ಪ್ರತಿನಿಧಿಗಳ ಕಾರ್ಯಕಾರಿ ಸಮಿತಿಯೊಂದು ಮೇಲಿರಬೇಕು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಮಪಾಲಿನ ವ್ಯವಸ್ಥೆಯಲ್ಲಿ ಒಬ್ಬನು ತನ್ನ ಪಾಲು ತಗ್ಗಿಸಿದರೆ ಇನ್ನೊಬ್ಬನದೂ ತಾನಾಗಿ ತಗ್ಗುತ್ತದೆ. ಒಬ್ಬನು ಹೊಸ ಬೇಡಿಕೆಯಿಟ್ಟರೆ ಇನ್ನೊಬ್ಬನೂ ಅದಕ್ಕೆ ಹಣ ತೆರಬೇಕಾಗುತ್ತದೆ. ಭಿನ್ನಮತ ಬಂದಾಗ ಇದೇ ಅಂತಿಮವೆಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ರಕ್ಷಣಾ ಇಲಾಖೆಯಲ್ಲಿ ಖರೀದಿಯ ಪರಮಾಧಿಕಾರ ಹೊಂದಿದ್ದ ಅಧಿಕಾರಿ ಆ ಸಮಿತಿಯ ಸಭೆಗಳಿಗೆ ಒಮ್ಮೆಯೂ ಬಂದಿರಲಿಲ್ಲವೆಂದು 2009ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ನಿರ್ಧರಿಸಬಲ್ಲವನು ಬಾರದ ಸಭೆಯಲ್ಲಿ ನಿರ್ಧಾರವಾಗುವುದೆಂತು?

ಇಬ್ಬರ ಬೇಡಿಕೆಗಳನ್ನೂ ಒಂದೇ ಯಂತ್ರಕ್ಕೆ ತುಂಬಿದ್ದರ ಫಲ ವೀರ್ಸ್ ಎಂಬ ಮುಖ್ಯ ಸಂವೇದಕದಲ್ಲಿ ಸ್ಪಷ್ಟವಾಯಿತು. ಸೇನೆಯ ಬೆಳದಿಂಗಳ ಕಣ್ಣು, ಹವಾಮಾನ ತಜ್ಞರ ಅತಿಗೆಂಪು ಅಳತೆ, ಸಾಗರ ವಿಜ್ಞಾನಿಗಳಿಗೆ ಬೇಕಾದ ನೀರಿನ ಬಣ್ಣ, ಎಲ್ಲವೂ ಅದರಲ್ಲಿಯೇ ಇರಬೇಕಾಗಿತ್ತು. ಅದರ ತಯಾರಿಕೆ ವರ್ಷಗಟ್ಟಲೆ ಹಿಂದೆ ಬಿದ್ದಿತು. 2002ರಲ್ಲಿ ಗುತ್ತಿಗೆ ಕೊಟ್ಟಾಗ ಆರು ಉಪಗ್ರಹಗಳ ಇಡೀ ಯೋಜನೆಗೆ ಅಂದಾಜಾಗಿದ್ದುದು ಸುಮಾರು 700 ಕೋಟಿ ಡಾಲರ್. 2005ರ ಕೊನೆಗೆ ವೆಚ್ಚ ಆ ಮಿತಿಯನ್ನು ಶೇಕಡಾ 25ಕ್ಕೂ ಮೀರಿತು. ಇದರ ನಡುವೆ ಹಳೆಯ ನಾಗರಿಕ ಸಾಲಿನ ಕೊನೆಯ ಉಪಗ್ರಹಕ್ಕೆ ಒದಗಿದ ಗತಿಯೂ ವಿಚಿತ್ರ. 2003ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆಯಲ್ಲಿ ಅದನ್ನು ವಾಲಿಸುವಾಗ ಅದು ನೆಲಕ್ಕುರುಳಿತು. ಬಂಡಿಗೆ ಅದನ್ನು ಬಿಗಿಯಬೇಕಾಗಿದ್ದ 24 ಬೋಲ್ಟುಗಳನ್ನು ಯಾರೋ ಬೇರೆ ಕೆಲಸಕ್ಕೆ ಬಿಚ್ಚಿಕೊಂಡಿದ್ದರು. ದುರಸ್ತಿಯಾಗಿ ಅದು ಹಾರಿದ್ದು 2009ರಲ್ಲಿ.

ರಕ್ಷಣಾ ಯೋಜನೆಯ ವೆಚ್ಚ ಹಾಗೆ ಮಿತಿಮೀರಿದರೆ, ಅದು ರಾಷ್ಟ್ರರಕ್ಷಣೆಗೆ ಅತ್ಯಗತ್ಯವೆಂದು ಪ್ರಮಾಣೀಕರಿಸಬೇಕು, ಇಲ್ಲವೇ ನಿಲ್ಲಿಸಬೇಕು ಎನ್ನುತ್ತದೆ ನನ್-ಮೆಕರ್ಡಿ ಎಂಬ ಕಾನೂನು. ಖರೀದಿಯ ಹೊಣೆ ಸೇನೆಯ ಕಡೆ ಇದ್ದುದರಿಂದ ನಾಗರಿಕ ಭಾಗವೂ ಈ ಕಾನೂನಿನ ತಕ್ಕಡಿಗೆ ಏರಬೇಕಾಯಿತು. 2006ರ ಜೂನಿನಲ್ಲಿ ಪ್ರಮಾಣೀಕರಣವೇನೋ ದೊರೆಯಿತು. ಆದರೆ ಆರು ಉಪಗ್ರಹಗಳು ನಾಲ್ಕಾದವು. ವೆಚ್ಚದ ಅಂದಾಜು 1,250 ಕೋಟಿ ಡಾಲರಿಗೆ ಏರಿತು. ಉಳಿಸಿಕೊಂಡದ್ದು ದೈನಂದಿನ ಹವಾಮಾನಕ್ಕೆ ಬೇಕಾದ ಉಪಕರಣಗಳನ್ನು. ಸೂರ್ಯನಿಂದ ಭೂಮಿಗೆ ಬರುವ ಶಕ್ತಿಯ ಅಳತೆ, ಭೂಮಿ ಹಿಂದಿರುಗಿಸುವ ಶಾಖದ ಅಳತೆ, ಸಮುದ್ರಮಟ್ಟದ ಅಳತೆ ಮೊದಲಾದ, ವಾಯುಗುಣ ಬದಲಾವಣೆಯನ್ನು ದಶಕಗಳ ಕಾಲ ಬಿಡದೆ ಗಮನಿಸಲು ಬೇಕಾದ ಉಪಕರಣಗಳು ಪಟ್ಟಿಯಿಂದ ಬಿದ್ದುಹೋದವು. ಕೆಲವನ್ನು ಅನಂತರ ಬೇರೆ ಹಣದಿಂದ, ಬೇರೆ ವಾಹನಗಳ ಮೇಲೆ ಹಾರಿಸಬೇಕಾಯಿತು. ವಿಲೀನದ ನಿಜವಾದ ನಷ್ಟ ಇದೇ. ಮೀರಿದ ವೆಚ್ಚ ಎರಡನೆಯ ಮಾತು. ಎರಡು ಉದ್ದೇಶಗಳನ್ನು ಬೆಸೆದಾಗ, ಹಣದ ಮುಗ್ಗಟ್ಟಿನ ದಿನ ಯಾವುದರ ಅಳತೆಗೋಲು ಉಳಿಯುತ್ತದೆಂಬುದನ್ನು 1994ರಲ್ಲಿ ಯಾರೂ ಕೇಳಿರಲಿಲ್ಲ.

2009ರಲ್ಲಿ ಥಾಮಸ್ ಯಂಗ್ ಅವರ ನೇತೃತ್ವದ ಸ್ವತಂತ್ರ ಪರಿಶೀಲನಾ ತಂಡವು, ಈ ಯೋಜನೆ ಯಶಸ್ವಿಯಾಗುವ ಸಂಭವ ಕಡಮೆಯೆಂದು ನೇರವಾಗಿಯೇ ತಿಳಿಸಿತು. 2010ರ ಫೆಬ್ರವರಿ 1ರಂದು ಒಬಾಮಾ ಸರಕಾರ ಎನ್‌ಪೋಸನ್ನು ವಿಸರ್ಜಿಸಿತು. ಅಲ್ಲಿಯವರೆಗೆ ಅದರ ಒಂದು ಉಪಗ್ರಹವೂ ಹಾರಿರಲಿಲ್ಲ. ಮಧ್ಯಾಹ್ನದ ಕಕ್ಷೆ ನೋವಾ ಮತ್ತು ನಾಸಾಗಳ ಪಾಲಿಗೆ, ನಸುಕಿನ ಕಕ್ಷೆ ಸೇನೆಯ ಪಾಲಿಗೆ ಬಂದವು.

ಪಾಲಾದ ಮೇಲೆ ನಾಗರಿಕ ಮನೆ ಚೇತರಿಸಿಕೊಂಡಿತು. ಎನ್‌ಪೋಸ್‌ಗೆ ಪೂರ್ವಸಿದ್ಧತೆಯಾಗಿ, ಉಪಕರಣಗಳ ಪರೀಕ್ಷೆಗೆಂದು ಮಾತ್ರ ನಿರ್ಮಿಸಿದ್ದ ಉಪಗ್ರಹವೊಂದನ್ನು 2011ರ ಅಕ್ಟೋಬರ್ 28ರಂದು ಹಾರಿಸಿ ದಿನನಿತ್ಯದ ಕೆಲಸಕ್ಕೇ ಹಚ್ಚಿದರು. ಅದೇ ಸುಓಮಿ ಎನ್‌ಪಿಪಿ. ಮರುವರ್ಷ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವತೀರಕ್ಕೆ ಅಪ್ಪಳಿಸಿತು. ಧ್ರುವೀಯ ಉಪಗ್ರಹಗಳ ಮಾಹಿತಿಯೇ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯುರೋಪಿನ ಮುನ್ಸೂಚನಾ ಕೇಂದ್ರ ಅನಂತರ ಲೆಕ್ಕ ಹಾಕಿ ನೋಡಿತು. ಆಗ ಬಂದ ಉತ್ತರ, ಚಂಡಮಾರುತ ಸಮುದ್ರದಲ್ಲಿಯೇ ಉಳಿಯುತ್ತದೆ ಎಂಬ ತಪ್ಪು ಮುನ್ಸೂಚನೆ. ಉಪಗ್ರಹವೊಂದು ಎರಡು ವರ್ಷ ತಡವಾಗುವುದೆಂದರೆ ಏನೆಂಬುದು ಈ ಒಂದು ಲೆಕ್ಕದಿಂದ ತಿಳಿಯುತ್ತದೆ. ಮೊದಲು ಹೇಳಿದ ದೀಪಾವಳಿಯ ನಿಜಚಿತ್ರ ತೆಗೆದದ್ದು ಇದೇ ಸುಓಮಿಯ ವೀರ್ಸ್. ಪಂಜಾಬ್, ಹರಿಯಾಣಗಳ ಹೊಲಗಳಲ್ಲಿ ಭತ್ತದ ಕೂಳೆ ಸುಡುವ ಬೆಂಕಿಗಳನ್ನು ಇಂದು ಎಣಿಸುವುದೂ ಬಹುಮಟ್ಟಿಗೆ ಆ ಸಂವೇದಕದ ನೆರವಿನಿಂದಲೇ. ಅದರ ಮುಂದಿನ ಪೀಳಿಗೆಯವು 2017 ಮತ್ತು 2022ರಲ್ಲಿ ಕಕ್ಷೆ ಸೇರಿದವು.

ಸೇನೆಯ ಪಾಲು ಮಾತ್ರ ಕುಂಟುತ್ತ ಸಾಗಿತು. ಅದು ಹೊಸದಾಗಿ ಕೈಗೊಂಡ ಯೋಜನೆಯನ್ನು ಎರಡೇ ವರ್ಷಗಳಲ್ಲಿ ಸಂಸತ್ತು ನಿಲ್ಲಿಸಿತು. 2014ರಲ್ಲಿ ಹಾರಿಸಿದ ಡಿಎಂಎಸ್‌ಪಿ ಉಪಗ್ರಹ ಎರಡು ವರ್ಷ ತುಂಬುವುದರೊಳಗೆ ನಿಯಂತ್ರಣ ತಪ್ಪಿತು. ಕಟ್ಟಿ ಇಟ್ಟಿದ್ದ ಕೊನೆಯದು ಹಾರದೆಯೇ ಉಳಿಯಿತು. ಹೊಸ ಪೀಳಿಗೆಯ ಮೊದಲ ಉಪಗ್ರಹ ಮೇಲೇರಿದ್ದು 2024ರ ಏಪ್ರಿಲಿನಲ್ಲಿ.

ಬೇರೆಯಾದರೂ ಹಂಗು ತಪ್ಪಲಿಲ್ಲ. ಮೋಡವನ್ನು ತೂರಿ ಚಂಡಮಾರುತದ ಒಳರಚನೆ ನೋಡಬಲ್ಲ ಡಿಎಂಎಸ್‌ಪಿಯ ಸೂಕ್ಷ್ಮತರಂಗ ಮಾಹಿತಿಯನ್ನು ನಾಗರಿಕ ಮುನ್ಸೂಚಕರೂ ಬಳಸುತ್ತಿದ್ದರು. ಧ್ರುವಸಾಗರದ ಹಿಮ ಎಷ್ಟು ಕರಗಿತೆಂಬ ದಶಕಗಳ ದಾಖಲೆಯೂ ಅದನ್ನೇ ಆಧರಿಸಿತ್ತು. 2025ರ ಜೂನ್ ಕೊನೆಯಲ್ಲಿ, ಕೆಲವೇ ದಿನಗಳ ಮುನ್ಸೂಚನೆ ಕೊಟ್ಟು ಆ ಮಾಹಿತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಲಾಯಿತು. ಅದು ಅಟ್ಲಾಂಟಿಕ್ ಚಂಡಮಾರುತಗಳ ಋತು. ವಿಜ್ಞಾನಿಗಳ ಆಕ್ಷೇಪದ ನಡುವೆ ಗಡುವು ಒಂದು ತಿಂಗಳು ಮುಂದಕ್ಕೆ ಹೋಯಿತು. ಬಳಿಕ ನಿರ್ಧಾರವೇ ಬದಲಾಗಿ ಮಾಹಿತಿ ಮುಂದುವರಿಯಿತು. ಅಷ್ಟರಲ್ಲಿ ಹಿಮದ ದಾಖಲೆ ಇಡುವವರು ಜಪಾನಿನ ಉಪಗ್ರಹದತ್ತ ಹೊರಳಿದ್ದರು.

ಹಂಗು ಎದುರು ದಿಕ್ಕಿನಲ್ಲಿಯೂ ಇದೆ. ಭೂಮಿಯೊಡನೆ ಸಮವಾಗಿ ತಿರುಗುತ್ತ ಒಂದೇ ಕಡೆ ನಿಂತಂತೆ ಕಾಣುವ, ನೋವಾ ಬಳಸಿ ಮುಗಿಸಿದ್ದ ಗೋಸ್-13 ಎಂಬ ಹವಾಮಾನ ಉಪಗ್ರಹವನ್ನು ಅಮೆರಿಕದ ಸೇನೆ ಪಡೆದುಕೊಂಡು, ಹೊಸ ಹೆಸರಿಟ್ಟು, 2020ರಲ್ಲಿ ಹಿಂದೂ ಮಹಾಸಾಗರದ ಮೇಲೆ ತಂದು ನಿಲ್ಲಿಸಿತು. ಅದರ ಹಿಂದೆಯೇ ಗೋಸ್-15 ಕೂಡ ಅದೇ ದಾರಿ ಹಿಡಿಯಿತು.