ಎಡ ಪೆಡಲ್‌ಗೆ ಯಾಕೆ ಉಲ್ಟಾ ಥ್ರೆಡ್?

ಇಟಲಿಯಲ್ಲಿ ಓದುತ್ತಿರುವ ಕನ್ನಡಿಗ ಓದುಗರೊಬ್ಬರ ಪ್ರಶ್ನೆ ಬಂದಿದೆ. ಅಲ್ಲಿನ ಟಸ್ಕನಿ ಪ್ರಾಂತ್ಯದ ಗಾಯೊಲೆ ಇನ್ ಕಿಯಾಂತಿ ಎಂಬ ಊರಿನಲ್ಲಿ 1997ರಿಂದ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿ ನಡೆಯುತ್ತದೆ. 1987 ಮತ್ತು ಅದಕ್ಕೂ ಹಿಂದಿನ ರೇಸಿಂಗ್ ಸೈಕಲ್ಲುಗಳದ್ದೇ ಅಲ್ಲಿ ದರಬಾರು. ಬಿಳಿ ಮಣ್ಣಿನ ರಸ್ತೆ, ಏರಿಳಿತ, 200 ಕಿ.ಮೀ. ದಾಟುವ ದಾರಿಯೂ ಇದೆ. ಅದಕ್ಕೆಂದೇ ಹಳೆಯ ಉಕ್ಕಿನ ಸೈಕಲ್ ಕೊಂಡಿದ್ದಾರೆ. ‘ಎಡ ಪೆಡಲ್ ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ. ಅಲ್ಲದೆ ಇಷ್ಟು ಹಳೆಯ ಉಕ್ಕು ಮೆತ್ತಗಾಗಿರುವುದಿಲ್ಲವೇ?’

ಉಕ್ಕಿನ ಮಾತು ಮೊದಲು ಮುಗಿಸೋಣ. ವಯಸ್ಸಾಯಿತೆಂದು ಉಕ್ಕು ಮೆತ್ತಗಾಗುವುದಿಲ್ಲ. ಅದರ ಸ್ಥಿತಿಸ್ಥಾಪಕಾಂಕ ಸುಮಾರು 200 ಗಿಗಾಪ್ಯಾಸ್ಕಲ್. ಕಾರ್ಖಾನೆ ಬಿಟ್ಟ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಒಳಗೆ ತುಕ್ಕು, ಬೆಸುಗೆಯ ಬಳಿ ಬಿರುಕು ಇವೆಯೇ ನೋಡಿದರೆ ಸಾಕು. ಮುಪ್ಪು ಬರುವುದು ರಬ್ಬರಿಗೆ. ಟೈರು, ಟ್ಯೂಬು, ಬ್ರೇಕ್ ರಬ್ಬರ್, ಜೊತೆಗೆ ಕೇಬಲ್ಲುಗಳನ್ನೂ ಕಣ್ಣುಮುಚ್ಚಿ ಹೊಸದು ಹಾಕಿಸಿ.

ಇನ್ನು ಪೆಡಲ್. ಅದಕ್ಕೆ ತುಕ್ಕು ಹಿಡಿದಿರಲಿಕ್ಕಿಲ್ಲ, ನೀವೇ ಬಿಗಿ ಮಾಡುತ್ತಿದ್ದೀರಿ! ಎಡ ಪೆಡಲಿನ ಥ್ರೆಡ್ ಉಲ್ಟಾ. ಯಾಕೆಂದು ಕೇಳಿದರೆ ‘ತುಳಿದಂತೆಲ್ಲ ಬೇರಿಂಗ್ ಎಳೆದು ಬಿಗಿಯಾಗಲಿ ಅಂತ’ ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. ಬಲಗಡೆ ನಿಂತು ನೋಡಿದರೆ ಕ್ರ್ಯಾಂಕ್ ಗಡಿಯಾರದ ದಿಕ್ಕಿಗೆ ಸುತ್ತುತ್ತದೆ. ಪಾದ ಮಟ್ಟಸವಾಗಿಯೇ ಇರುವುದರಿಂದ ಕ್ರ್ಯಾಂಕಿನ ಪಾಲಿಗೆ ಪೆಡಲ್ ಅಪ್ರದಕ್ಷಿಣೆ ತಿರುಗಿದಂತೆ. ಬೇರಿಂಗಿನ ಘರ್ಷಣೆ ಪೆಡಲಿನ ಅಚ್ಚನ್ನೂ ಅತ್ತಲೇ ಎಳೆಯುತ್ತದೆ. ಅಂದರೆ ಮಾಮೂಲಿ ಥ್ರೆಡ್ಡಿನ ಬಲ ಪೆಡಲ್ ಬಿಚ್ಚಿಕೊಳ್ಳಬೇಕಿತ್ತು!

ಅದನ್ನು ಕಾಯುವುದು ಬೇರೆಯೇ ಒಂದು ಚಮತ್ಕಾರ. ಅಚ್ಚಿಗೂ ಕ್ರ್ಯಾಂಕಿನ ತೂತಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಇರುತ್ತದೆ. ಪಾದದ ಭಾರ ಕೆಳಕ್ಕೇ ಒತ್ತುತ್ತದೆ, ತೂತು ಮಾತ್ರ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಅಚ್ಚು ತೂತಿನ ಗೋಡೆಗೆ ಒತ್ತಿಕೊಂಡು ಉರುಳುತ್ತದೆ. ಒಂದು ಬಳೆಯನ್ನು ಮೇಜಿನ ಮೇಲಿಟ್ಟು, ಪೆನ್ಸಿಲನ್ನು ಅದರೊಳಗೆ ನೆಟ್ಟಗೆ ನಿಲ್ಲಿಸಿ, ಅಂಚಿಗೆ ಒತ್ತಿ ಜಾರದಂತೆ ಅಪ್ರದಕ್ಷಿಣೆ ಉರುಳಿಸಿ. ಪೆನ್ಸಿಲ್ ತನ್ನ ಸುತ್ತ ತಾನು ಪ್ರದಕ್ಷಿಣೆ ತಿರುಗುತ್ತದೆ! ಯಂತ್ರಶಾಸ್ತ್ರದವರು ಇದಕ್ಕೆ ಪ್ರಿಸೆಶನ್ ಎನ್ನುತ್ತಾರೆ. ಬೇರಿಂಗಿನ ಗುಂಡುಗಳ ಘರ್ಷಣೆ ಇದರ ಮುಂದೆ ಏನೇನೂ ಅಲ್ಲ. ಒಂದು ಸುತ್ತಿಗೆ 5 ಮೀಟರ್ ಎಂದಿಟ್ಟುಕೊಂಡರೂ 200 ಕಿ.ಮೀ.ಗೆ 40,000 ಸುತ್ತು. ಥ್ರೆಡ್ ಉಲ್ಟಾ ಇರದಿದ್ದರೆ ಎಡ ಪೆಡಲ್ ದಾರಿಯಲ್ಲೇ ಕಳಚಿ ಬೀಳುತ್ತಿತ್ತು.

ಬಿಚ್ಚುವ ಸೂತ್ರ ಸುಲಭ: ಎರಡೂ ಕಡೆ, ಮೇಲ್ಮುಖವಾಗಿ ನಿಂತ 15 ಮಿ.ಮೀ. ಸ್ಪ್ಯಾನರನ್ನು ಹಿಂದಿನ ಚಕ್ರದತ್ತ ಎಳೆಯಿರಿ. ಅಂಗಡಿಯೊಂದರಲ್ಲಿ ಹುಡುಗನೊಬ್ಬ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಿರುಗಾಮುರುಗಾ ಜಗ್ಗಿದ್ದನ್ನು ಕಂಡಿದ್ದೇನೆ. ಅಲ್ಯುಮಿನಿಯಂ ಥ್ರೆಡ್ ಸುರುಳಿ ಸುರುಳಿಯಾಗಿ ಕಿತ್ತು ಬಂತು. ಮತ್ತೆ ಹಾಕುವಾಗ ಗ್ರೀಸ್ ಮರೆಯಬೇಡಿ.

ನಿಮ್ಮದು ಇಟಲಿಯ ಸೈಕಲ್ಲಾಗಿದ್ದರೆ ಇನ್ನೊಂದು ಎಚ್ಚರಿಕೆ. ಇಂಗ್ಲಿಷ್ ಬಿಎಸ್‌ಎ ಅಳತೆಯಲ್ಲಿ ಬಾಟಮ್ ಬ್ರಾಕೆಟ್ಟಿನ (ಎರಡೂ ಕ್ರ್ಯಾಂಕುಗಳ ನಡುವಿನ ಅಚ್ಚು ಕೂರುವ ಜಾಗದ) ಬಲಗಡೆಯ ಕಪ್ಪಿಗೂ ಉಲ್ಟಾ ಥ್ರೆಡ್ ಇದೆ. ಇಟಲಿಯವರು ಎರಡೂ ಕಡೆ ಮಾಮೂಲಿ ಥ್ರೆಡ್ ಕೊಟ್ಟರು. ಅದೇ ಪ್ರಿಸೆಶನ್ ಅಲ್ಲಿ ಶತ್ರುವಾಗಿ ಬಲಗಡೆಯ ಕಪ್ಪನ್ನು ಸಡಿಲಿಸುತ್ತದೆ. ಬಲವಾಗಿ ಬಿಗಿ ಮಾಡಿಸಿ, ಒಂದಿಷ್ಟು ದೂರ ಓಡಿಸಿ ಮತ್ತೆ ನೋಡಿ.

ಚಕ್ರದಡಿ ನಿಂಬೆಹಣ್ಣು ಇಡಬೇಕೇ ಎಂದೂ ಕೇಳಿದ್ದೀರಿ. ದೃಷ್ಟಿಗೆ ಸಡಿಲಾದ ಕಪ್ಪು ಯಾವ ಸೈಕಲ್ಲಿನಲ್ಲೂ ಇಲ್ಲ. ನಿಂಬೆಹಣ್ಣನ್ನು ಹಿಂಡಿ, ಉಪ್ಪು-ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿಕೊಳ್ಳಿ.