ಮೂವರಲ್ಲಿ ಇಬ್ಬರು ಒಪ್ಪಿದರೆ ತೀರ್ಪು

ಪುಣೆಯ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಅಮೆರಿಕದ ವೀಸಾ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳುವ ಮಾತಿದು: ‘ಜಡ್ಜ್‌ನ ನೇಮಿಸಿದ್ದು ಯಾವ ಅಧ್ಯಕ್ಷ ಅಂತ ನೋಡು, ತೀರ್ಪು ಅಲ್ಲೇ ಗೊತ್ತಾಗುತ್ತೆ.’ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳ ಮಟ್ಟಿಗೆ ಇದು ಅರ್ಧ ಸತ್ಯ.

ಅಂಥ 13 ನ್ಯಾಯಾಲಯಗಳಿವೆ. ಅವುಗಳಲ್ಲಿ ಒಟ್ಟು 179 ನ್ಯಾಯಾಧೀಶರ ಹುದ್ದೆಗಳು. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿದರೆ ಹುದ್ದೆ ಜೀವನಪರ್ಯಂತ. ಮೇಲ್ಮನವಿಯನ್ನು ಸಾಮಾನ್ಯವಾಗಿ ಮೂವರ ಪೀಠ ಕೇಳುತ್ತದೆ. ನಮ್ಮ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಇಬ್ಬರೇ ಇರುವುದರಿಂದ, ಭಿನ್ನಮತ ಬಂದರೆ ವಿಷಯ ಇನ್ನೊಬ್ಬ ನ್ಯಾಯಮೂರ್ತಿಯ ಮುಂದೆ ಹೋಗಬೇಕಾಗುತ್ತದೆ. ಅಲ್ಲಿ ಆ ತಾಪತ್ರಯವಿಲ್ಲ. ಇಬ್ಬರು ಒಂದೆಡೆ ನಿಂತರೆ ತೀರ್ಪಾಯಿತು. ಹೆಚ್ಚಿನ ಪ್ರಕರಣಗಳಲ್ಲಂತೂ ಮೂವರದ್ದೂ ಒಮ್ಮತವೇ.

ಈ 2-1ರ ತೂಕ ಎಷ್ಟೆಂಬುದು ನನಗೆ ತಿಳಿದದ್ದು ಗೆಳತಿಯೊಬ್ಬಳಿಂದ. ನನ್ನ ಜೊತೆ ಎಂಟೆಕ್ ಮಾಡಿದ ಅವಳು ಗಂಡನ ಎಚ್-1ಬಿ ಆಧಾರದ ಎಚ್-4 ವೀಸಾದಲ್ಲಿ ಅಲ್ಲಿದ್ದಾಳೆ. ಗ್ರೀನ್ ಕಾರ್ಡ್ ಹಾದಿಯಲ್ಲಿರುವ ಎಚ್-1ಬಿ ನೌಕರರ ಸಂಗಾತಿಗಳು ಕೆಲಸ ಮಾಡಬಹುದೆಂದು ಒಬಾಮಾ ಸರ್ಕಾರ 2015ರಲ್ಲಿ ನಿಯಮ ತಂದಿತು. ‘ಸೇವ್ ಜಾಬ್ಸ್ ಯುಎಸ್‌ಎ’ ಎಂಬ ಐಟಿ ನೌಕರರ ಸಂಘಟನೆ ಅದೇ ವರ್ಷ ಕೋರ್ಟಿಗೆ ಹೋಯಿತು.

ಆದರೆ ಆ ಕೇಸನ್ನು ನಿರ್ಧರಿಸಿದ್ದು ಇನ್ನೊಂದು ಕೇಸು. ವಿದೇಶಿ ವಿದ್ಯಾರ್ಥಿಗಳು ಓದು ಮುಗಿಸಿ ಕೆಲಸ ಮಾಡಲು ಅವಕಾಶ ಕೊಡುವ ಒಪಿಟಿ ನಿಯಮವನ್ನು ವಾಷಿಂಗ್ಟನ್ ಡಿ.ಸಿ. ಮೇಲ್ಮನವಿ ನ್ಯಾಯಾಲಯ 2022ರ ಅಕ್ಟೋಬರಿನಲ್ಲಿ 2-1ರಿಂದ ಎತ್ತಿಹಿಡಿಯಿತು. ಒಂದು ಪೀಠದ ತೀರ್ಪು ಅದೇ ನ್ಯಾಯಾಲಯದ ಮುಂದಿನ ಪೀಠಗಳಿಗೂ ಬದ್ಧ. ಅದನ್ನು ಬದಲಿಸಬೇಕಾದರೆ ಪೂರ್ಣಪೀಠ ಕೂರಬೇಕು, ಇಲ್ಲವೇ ಸುಪ್ರೀಂ ಕೋರ್ಟ್ ಕೈಹಾಕಬೇಕು. ಹಾಗಾಗಿ 2024ರ ಆಗಸ್ಟಿನಲ್ಲಿ ಎಚ್-4 ಕೇಸು ಬಂದಾಗ, ಹಳೆಯ ತೀರ್ಪೇ ಇದಕ್ಕೂ ಅನ್ವಯ ಎಂದಿತು ಪೀಠ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ವಿದ್ಯಾರ್ಥಿಗಳ ಕೇಸಿನಲ್ಲಿ ಬಿದ್ದ ಒಂದು ಹೆಚ್ಚುವರಿ ಮತ ನನ್ನ ಗೆಳತಿಯ ಕೆಲಸವನ್ನು ಕಾಯಿತು.

ಇನ್ನು ಪಕ್ಷದ ಲೆಕ್ಕ. 2025ರ ಆಗಸ್ಟ್ 29ರಂದು ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದ 11 ನ್ಯಾಯಾಧೀಶರು ಒಟ್ಟಿಗೆ ಕೂತು ಟ್ರಂಪ್ ಸುಂಕದ ಕೇಸು ತೀರ್ಮಾನಿಸಿದರು. 1977ರ ತುರ್ತು ಅಧಿಕಾರ ಕಾನೂನಿನಡಿ ಅಂಥ ಸುಂಕ ಹೇರುವಂತಿಲ್ಲ ಎಂದರು ಏಳು ಮಂದಿ, ನಾಲ್ವರದ್ದು ಭಿನ್ನಮತ. ಆ ಏಳರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್ ನೇಮಿಸಿದವರೊಬ್ಬರಿದ್ದರು. ಟ್ರಂಪ್ ಸರ್ಕಾರದ ಪರ ಭಿನ್ನಮತ ಬರೆದವರು ಒಬಾಮಾ ನೇಮಿಸಿದವರು! ಕ್ಯಾಂಟೀನಿನ ಸೂತ್ರ ಇಲ್ಲಿ ಕೈಕೊಟ್ಟಿತು.

ಹಾಗೆಂದು ನೇಮಕಕ್ಕೆ ಅರ್ಥವೇ ಇಲ್ಲವೆಂದಲ್ಲ. ಕಾನೂನು ಸ್ಪಷ್ಟವಿಲ್ಲದ ಕಡೆ, ಅದರಲ್ಲೂ ವಲಸೆಯಂಥ ವಿಷಯದಲ್ಲಿ, ನ್ಯಾಯಾಧೀಶರ ನಿಲುವು ತೀರ್ಪಿನಲ್ಲಿ ಕಾಣುತ್ತದೆ. ಆದ್ದರಿಂದ ಮುಂದಿನ ಸಲ ವಾಟ್ಸ್ಆ್ಯಪ್‌ನಲ್ಲಿ ‘ಕೋರ್ಟ್ ತೀರ್ಪು’ ಎಂಬ ಸುದ್ದಿ ಬಂದಾಗ ಎರಡು ವಿಷಯ ನೋಡಿ: ತೀರ್ಪು ಮೂವರದ್ದೋ, ಪೂರ್ಣಪೀಠದ್ದೋ? ಅದು ಹೇಳಿದ್ದು ನಿಜಕ್ಕೂ ಏನು?

ಎಚ್-4 ತೀರ್ಪನ್ನೇ ನೋಡಿ. ಕೆಲಸದ ಅನುಮತಿ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ ಎಂದಿತೇ ಹೊರತು, ಕೊಡಲೇಬೇಕು ಎನ್ನಲಿಲ್ಲ. ಕೊಟ್ಟ ಸರ್ಕಾರ ನಾಳೆ ನಿಯಮ ಬದಲಿಸಲೂಬಹುದು. ಗೆಳತಿಗೆ ಇದು ಗೊತ್ತು. ಅದಕ್ಕೇ ಅವಳು ಬೆಂಗಳೂರಿನ ಕೆಲಸದ ಜಾಹೀರಾತುಗಳನ್ನೂ ಒಂದು ಕಣ್ಣಿನಲ್ಲಿ ನೋಡುತ್ತಲೇ ಇರುತ್ತಾಳೆ.