ಮರಳು ಕಲ್ಲಾದ ಕಥೆ: ಮಕ್ಕಳಿಗೆ ಹೇಳುವುದು ಹೇಗೆ?



"ಶಿಲೆಗಳಲ್ಲಿ ಎಷ್ಟು ವಿಧ?" ಎಂದು ಕೇಳಿ ನೋಡಿ. ಪ್ರಾಥಮಿಕ ಶಾಲೆಯ ಮಗುವೂ ಥಟ್ಟನೆ "ಮೂರು" ಎನ್ನುತ್ತದೆ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಹೆಸರುಗಳನ್ನೂ ಒಪ್ಪಿಸುತ್ತದೆ. ಅದೇ ಮಗುವಿನ ಕೈಗೆ ಒಂದು ಕಲ್ಲನ್ನು ಕೊಟ್ಟು "ಇದು ಯಾವ ಜಾತಿಯದು?" ಎಂದರೆ ಮಾತ್ರ ನಮ್ಮ ಮುಖ ನೋಡುತ್ತದೆ. ತಪ್ಪು ಮಗುವಿನದಲ್ಲ. ಅದಕ್ಕೆ ನಾವು ಕಲ್ಲಿನ ಹೆಸರನ್ನು ಕೊಟ್ಟಿದ್ದೇವೆ, ಕಲ್ಲನ್ನು ಕೊಟ್ಟಿಲ್ಲ.

ನಿಮ್ಮಲ್ಲಿ ಕೆಲವರು ಮುಂದೆ ಶಿಕ್ಷಕರಾಗುವವರು. ಇನ್ನು ಕೆಲವರ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವ ತಮ್ಮ ತಂಗಿಯರಿದ್ದಾರೆ. ಆದ್ದರಿಂದ ಜಲಜಶಿಲೆ ಎಂದರೇನು ಎನ್ನುವುದರ ಜೊತೆಗೆ, ಅದನ್ನು ಚಿಕ್ಕ ಮಕ್ಕಳಿಗೆ ಹೇಗೆ ತಿಳಿಸಬೇಕು ಎಂಬುದನ್ನೂ ಇಲ್ಲಿ ನೋಡೋಣ. ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಶೀಷೆಯ ಪಾಠ ಮತ್ತು ಒಂದು ಪ್ರಶ್ನೆ

ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಐದನೆಯ ತರಗತಿಯ ಮಕ್ಕಳಿಗೆ ನಾನು ಈ ಪಾಠ ಮಾಡುತ್ತಿದ್ದೆ. ಅಗಲ ಬಾಯಿಯ ಗಾಜಿನ ಶೀಷೆಯೊಂದಕ್ಕೆ ಒಂದು ಹಿಡಿ ಸಣ್ಣ ಜಲ್ಲಿ, ಒಂದು ಹಿಡಿ ಮರಳು, ಒಂದು ಹಿಡಿ ಎರೆಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಮೇಜಿನ ಮೇಲಿಟ್ಟೆ. ಜಲ್ಲಿ ಕ್ಷಣಾರ್ಧದಲ್ಲಿ ತಳ ಸೇರಿತು. ಒಂದು ನಿಮಿಷದೊಳಗೆ ಮರಳು ಅದರ ಮೇಲೆ ಕುಳಿತಿತು. ಮಣ್ಣಿನ ರಾಡಿ ಮಾತ್ರ ನೀರಿನಲ್ಲಿ ತೇಲುತ್ತಲೇ ಇತ್ತು. ಮರುದಿನ ಬಂದು ನೋಡಿದಾಗ ಮೂರು ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮಕ್ಕಳಿಗೆ ಬಹಳ ಸಂತೋಷವಾಯಿತು. ನಾನೂ ಹುರುಪಿನಿಂದ, "ನೋಡಿ, ಪದರಶಿಲೆಗಳಲ್ಲಿ ತಳದ ಪದರವೇ ಎಲ್ಲಕ್ಕಿಂತ ಹಳೆಯದು" ಎಂದೆ.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಎಲ್ಲಾನೂ ನೀವ ಒಮ್ಮೆಲೆ ಹಾಕಿದ್ರಲ್ರೀ? ಮತ್ತ ತಳದ್ದು ಹಳೇದು ಹೆಂಗಾತ್ರಿ?"

ನನಗೆ ಉತ್ತರ ತೋಚಲಿಲ್ಲ. ಹುಡುಗ ಹೇಳಿದ್ದು ಸರಿಯಾಗಿತ್ತು. ಆ ಶೀಷೆಯಲ್ಲಿ ಜಲ್ಲಿಗೂ ಮಣ್ಣಿಗೂ ವಯಸ್ಸಿನ ಅಂತರವೇ ಇರಲಿಲ್ಲ. ದಪ್ಪ ಕಣ ಬೇಗ ಇಳಿದಿತ್ತು, ಸಣ್ಣ ಕಣ ತಡವಾಗಿ ಇಳಿದಿತ್ತು, ಅಷ್ಟೇ. ಶೀಷೆಯ ಪ್ರಯೋಗ ತೋರಿಸುವುದು ಕಣಗಳ ವಿಂಗಡಣೆಯನ್ನು, ಕಾಲವನ್ನಲ್ಲ. ಎರಡು ಬೇರೆ ಬೇರೆ ವಿಷಯಗಳನ್ನು ನಾನು ಒಂದೇ ಶೀಷೆಯಲ್ಲಿ ತುರುಕಿದ್ದೆ.

ಮೊದಲನೆಯದು: ಕಣಗಳ ಪಯಣ

ಎಷ್ಟೇ ಗಟ್ಟಿಯಾದ ಬಂಡೆಯೂ ಬಿಸಿಲು, ಮಳೆ, ಗಾಳಿ, ಗಿಡದ ಬೇರು ಇವುಗಳಿಂದಾಗಿ ನಿಧಾನವಾಗಿ ಒಡೆಯುತ್ತದೆ. ಇದಕ್ಕೆ ಶಿಥಿಲೀಕರಣ ಎಂದು ಹೆಸರು. ಒಡೆದ ಚೂರುಗಳನ್ನು ಹೊಳೆ ಹೊತ್ತೊಯ್ಯುತ್ತದೆ. ಹೊಳೆಯ ವೇಗ ಹೆಚ್ಚಿದ್ದಲ್ಲಿ ದಪ್ಪ ಕಲ್ಲುಗಳೂ ಉರುಳುತ್ತವೆ. ವೇಗ ತಗ್ಗಿದಂತೆ ಮೊದಲು ಕಲ್ಲು, ಅನಂತರ ಮರಳು, ಕೊನೆಗೆ ಜೇಡಿ ನೆಲ ಕಾಣುತ್ತವೆ. ಗುಡ್ಡದ ಬುಡದಲ್ಲಿ ಹೊಳೆಯ ಪಾತ್ರದ ತುಂಬ ಗುಂಡುಕಲ್ಲುಗಳಿರುವುದಕ್ಕೂ, ಬಯಲಿನಲ್ಲಿ ಮರಳಿರುವುದಕ್ಕೂ, ಕೆರೆಯ ತಳದಲ್ಲಿ ನುಣ್ಣನೆಯ ಹೂಳಿರುವುದಕ್ಕೂ ಇದೇ ಕಾರಣ. ಮಕ್ಕಳನ್ನು ಒಮ್ಮೆ ಹಳ್ಳದ ದಂಡೆಗೆ ಕರೆದೊಯ್ದರೆ ಅರ್ಧ ಪಾಠ ಮುಗಿದಂತೆ.

ಭೂವಿಜ್ಞಾನಿಗಳು ಈ ಕಣಗಳನ್ನು ಗಾತ್ರದ ಮೇಲೆ ಗುರುತಿಸುತ್ತಾರೆ. 2 ಮಿಲಿಮೀಟರ್‌ಗಿಂತ ದೊಡ್ಡದು ಜಲ್ಲಿ. 2 ಮಿಲಿಮೀಟರಿನಿಂದ ಸುಮಾರು 0.06 ಮಿಲಿಮೀಟರಿನವರೆಗೆ ಮರಳು. ಅದಕ್ಕಿಂತ ಸಣ್ಣದು ಹೂಳು, ಮತ್ತೂ ಸಣ್ಣದು ಜೇಡಿ. ಬೆರಳ ನಡುವೆ ತಿಕ್ಕಿದಾಗ ಗರಗರ ಎಂದರೆ ಮರಳು, ಅಂಟಿಕೊಂಡರೆ ಜೇಡಿ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಇವೇ ಗಟ್ಟಿಯಾದಾಗ ಜಲ್ಲಿಯಿಂದ ಕಾಂಗ್ಲೊಮರೇಟ್, ಮರಳಿನಿಂದ ಮರಳುಗಲ್ಲು, ಜೇಡಿಯಿಂದ ಶೇಲ್ ಎಂಬ ಶಿಲೆಗಳಾಗುತ್ತವೆ.

ಎರಡನೆಯದು: ಬೆಸುಗೆ

"ಮರಳು ಒತ್ತಡಕ್ಕೆ ಸಿಕ್ಕಿ ಕಲ್ಲಾಗುತ್ತದೆ" ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ಒಂದು ಹಿಡಿ ಒಣ ಮರಳನ್ನು ಎಷ್ಟು ಬಿಗಿಯಾಗಿ ಹಿಸುಕಿದರೂ ಅದು ಕಲ್ಲಾಗುವುದಿಲ್ಲ ಎಂಬುದು ಮಗುವಿಗೂ ಗೊತ್ತು. ಒತ್ತಡ ಕಣಗಳನ್ನು ಹತ್ತಿರ ತರುತ್ತದೆ. ಹಿಡಿದಿಡಲು ಅಂಟು ಬೇಕು. ಕಣಗಳ ಸಂದಿಯಲ್ಲಿ ಹರಿಯುವ ನೀರಿನಲ್ಲಿ ಸಿಲಿಕ, ಸುಣ್ಣ, ಕಬ್ಬಿಣ ಇವುಗಳ ಅಂಶ ಕರಗಿರುತ್ತದೆ. ಅವು ಸಂದಿಯಲ್ಲೇ ಘನವಾಗಿ ಕೂಡಿಕೊಂಡು ಕಣಕ್ಕೆ ಕಣವನ್ನು ಬೆಸೆಯುತ್ತವೆ.

ಇದನ್ನು ಮಕ್ಕಳಿಗೆ ತಿಳಿಸಲು ಶೇಂಗಾ ಚಿಕ್ಕಿಗಿಂತ ಒಳ್ಳೆಯ ಸಾಧನವಿಲ್ಲ. ಶೇಂಗಾ ಬೀಜವೇ ಕಣ, ಬೆಲ್ಲದ ಪಾಕವೇ ಬೆಸುಗೆ. ಆಮೇಲೆ ಬೆಂಕಿಪೊಟ್ಟಣದ ತಟ್ಟೆಯೊಂದರಲ್ಲಿ ಮರಳನ್ನು ಗೋಂದಿನ ನೀರಿನೊಂದಿಗೆ ಕಲಸಿ ಒತ್ತಿ, ಇನ್ನೊಂದರಲ್ಲಿ ಬರಿಯ ನೀರಿನಿಂದ ಕಲಸಿದ ಮರಳನ್ನು ಒತ್ತಿ, ಎರಡನ್ನೂ ಮೂರು ದಿನ ಬಿಸಿಲಿಗಿಡಿ. ಒಂದು ಗಟ್ಟಿಯಾಗಿ ಬರುತ್ತದೆ, ಇನ್ನೊಂದು ಮುಟ್ಟಿದೊಡನೆ ಉದುರುತ್ತದೆ. ಏಕೆ ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಮೂರನೆಯದು: ಕಾಲ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಕಾಲವನ್ನು ತೋರಿಸಬೇಕಾದರೆ ಪ್ರಯೋಗಕ್ಕೂ ಕಾಲ ಕೊಡಬೇಕು. ಗಾಜಿನ ಲೋಟದಲ್ಲಿ ಅರ್ಧ ನೀರು ತುಂಬಿಡಿ. ಸೋಮವಾರ ಎರಡು ಚಮಚ ಮರಳನ್ನು ನಿಧಾನವಾಗಿ ಉದುರಿಸಿ. ಮಂಗಳವಾರ ಕೆಂಪುಮಣ್ಣು. ಬುಧವಾರ ಒಂದು ಎಲೆಯ ಚೂರನ್ನಿಟ್ಟು ಅದರ ಮೇಲೆ ಇಟ್ಟಿಗೆಯ ಪುಡಿ. ಗುರುವಾರ ಎರೆಮಣ್ಣು. ಶನಿವಾರ, ಈ ಕೆಲಸವನ್ನು ನೋಡಿರದ ಬೇರೆ ತರಗತಿಯ ಮಕ್ಕಳನ್ನು ಕರೆದು, "ಮೊದಲು ಯಾವುದನ್ನು ಹಾಕಿದ್ದು? ಎಲೆ ಬಿದ್ದದ್ದು ಕೆಂಪುಮಣ್ಣಿಗಿಂತ ಮೊದಲೋ ಆಮೇಲೋ?" ಎಂದು ಕೇಳಿ. ಕಣ್ಣಾರೆ ಕಾಣದಿದ್ದರೂ ಅವರು ಸರಿಯಾಗಿಯೇ ಹೇಳುತ್ತಾರೆ.

ಭೂವಿಜ್ಞಾನದ ಅಡಿಪಾಯದಲ್ಲಿರುವುದು ಇದೇ ತರ್ಕ. ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಫ್ಲಾರೆನ್ಸಿನಲ್ಲಿ ಕೆಲಸ ಮಾಡುತ್ತಿದ್ದ ನಿಕೊಲಾಸ್ ಸ್ಟೀನೊ (1638–1686) ಎಂಬ ವೈದ್ಯ ಇದನ್ನು ಸ್ಪಷ್ಟವಾಗಿ ಬರೆದಿಟ್ಟ. 1666ರಲ್ಲಿ ಆತನಿಗೆ ಒಂದು ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಸೀಳಿ ನೋಡುವ ಅವಕಾಶ ಸಿಕ್ಕಿತು. ಬಂಡೆಗಳಲ್ಲಿ ಸಿಗುತ್ತಿದ್ದ ನಾಲಗೆಯಾಕಾರದ ಕಲ್ಲುಗಳಿಗೂ ಆ ಮೀನಿನ ಹಲ್ಲುಗಳಿಗೂ ಇದ್ದ ಹೋಲಿಕೆ ಆತನ ಕಣ್ಣಿಗೆ ಬಿತ್ತು. ಮೀನಿನ ಹಲ್ಲು ಬಂಡೆಯೊಳಗೆ ಹೋದದ್ದು ಹೇಗೆ? ಆ ಬಂಡೆ ಒಂದು ಕಾಲಕ್ಕೆ ನೀರಿನಡಿಯ ಮೆತ್ತನೆಯ ಕೆಸರಾಗಿದ್ದಿರಬೇಕು. ಹಾಗಿದ್ದರೆ ಪದರಗಳು ಮಟ್ಟಸವಾಗಿ ಒಂದರ ಮೇಲೊಂದು ಕುಳಿತಿರಬೇಕು, ಕೆಳಗಿನದು ಮೊದಲು, ಮೇಲಿನದು ಆಮೇಲೆ. 1669ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಈ ನಿಯಮ ಬಂದಿತು.

ಹಾಗೆಂದು ಶೀಷೆಯನ್ನು ಎಸೆಯಬೇಕಾಗಿಲ್ಲ. ಒಂದು ಪ್ರವಾಹ ಇಳಿದಾಗ ಅದು ಬಿಟ್ಟುಹೋಗುವ ಪದರದಲ್ಲಿ ಹಲವೊಮ್ಮೆ ತಳಕ್ಕೆ ದಪ್ಪ ಕಣ, ಮೇಲಕ್ಕೆ ಸಣ್ಣ ಕಣ ಇರುತ್ತದೆ. ನಿಜವಾದ ಬಂಡೆಗಳಲ್ಲೂ ಇದನ್ನು ಕಾಣಬಹುದು. ಶೀಷೆ ತೋರಿಸಿದ್ದು ಒಂದೇ ಪ್ರವಾಹದ ಕಥೆ, ಲೋಟ ತೋರಿಸಿದ್ದು ಹಲವು ಪ್ರವಾಹಗಳ ಕಥೆ. ಮೊದಲು ಶೀಷೆ, ಆಮೇಲೆ ಲೋಟ ಎಂಬ ಕ್ರಮದಲ್ಲಿ ಹೋದರೆ ಗೊಂದಲವಾಗುವುದಿಲ್ಲ.

ನಮ್ಮ ನಾಡಿನ ಮೂರು ಕಲ್ಲುಗಳು

ಕನ್ನಡ ನಾಡಿನ ಮಕ್ಕಳಿಗೆ ಒಂದು ಭಾಗ್ಯವಿದೆ. ಶಿಲೆಯ ಮೂರು ವಿಧಗಳನ್ನು ಅವರು ಶಾಲೆಯ ಪ್ರವಾಸದಲ್ಲೇ ನೋಡಬಹುದು. ಹಂಪಿಯ ಬಂಡೆಗಳು ಕಣಶಿಲೆ, ಎಂದರೆ ಗ್ರಾನೈಟ್, ಅದು ಅಗ್ನಿಶಿಲೆ. ಬೇಲೂರು, ಹಳೇಬೀಡುಗಳ ಸೂಕ್ಷ್ಮ ಕೆತ್ತನೆಯಿರುವುದು ಬಳಪದ ಕಲ್ಲಿನ ಜಾತಿಯ ರೂಪಾಂತರ ಶಿಲೆಯಲ್ಲಿ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದು ಮರಳುಗಲ್ಲು. ಅದೇ ನಮ್ಮ ಜಲಜಶಿಲೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯರ ಶಿಲ್ಪಿಗಳು ಅಲ್ಲಿ ಉಳಿಯಿಟ್ಟದ್ದು ಹದಿನಾಲ್ಕು ಶತಮಾನಗಳ ಹಿಂದೆ. ಅವರು ಕೊರೆದ ಬಂಡೆಯ ವಯಸ್ಸಿನ ಮುಂದೆ ಆ ಹದಿನಾಲ್ಕು ಶತಮಾನ ಕಣ್ಣು ಮಿಟುಕಿಸಿದಷ್ಟು. ಗುಹೆಯ ಗೋಡೆಯನ್ನೂ ಸುತ್ತಲಿನ ಬಂಡೆಗಳನ್ನೂ ಸಾವಕಾಶವಾಗಿ ನೋಡಿ. ಅಡ್ಡಡ್ಡ ಪದರಗಳ ನಡುವೆ ಓರೆಯಾಗಿ ಸಾಗುವ ಸಣ್ಣ ಗೆರೆಗಳಿವೆ. ಹರಿಯುವ ನೀರು ಮರಳಿನ ದಿಬ್ಬಗಳನ್ನು ಮುಂದೆ ಮುಂದೆ ತಳ್ಳಿದಾಗ ಮೂಡುವ ಗೆರೆಗಳಿವು. ಕೆಲವು ಹಾಸುಗಳ ಮೇಲೆ, ಹೊಳೆಯ ಮರಳಿನಲ್ಲಿ ಇಂದಿಗೂ ಕಾಣುವಂಥ ಅಲೆಯ ಗುರುತುಗಳಿವೆ. ಬಂಡೆಯ ಕೆಂಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ. ಗೋಕಾಕದಲ್ಲಿ ಘಟಪ್ರಭೆ ಧುಮುಕುವುದೂ ಇಂಥದೇ ಗಟ್ಟಿ ಮರಳುಗಲ್ಲಿನ ಕಡಿದಾದ ಅಂಚಿನಿಂದ.

ಕಲಾದಗಿ ಎಂಬ ಊರಿನ ಹೆಸರಿನಲ್ಲಿ ಕರೆಯಲಾಗುವ ಈ ಶಿಲಾಸಮೂಹದಲ್ಲಿ ಇನ್ನೊಂದು ವಿಶೇಷವಿದೆ. ಕೆಳಗಿನ ಹಳೆಯ ಪದರಗಳು ಮಡಿಚಿ ಓರೆಯಾಗಿವೆ. ಅವು ಸವೆದ ಮೇಲೆ ಬಂದು ಕೂತ ಬಾದಾಮಿಯ ಪದರಗಳು ಬಹುಮಟ್ಟಿಗೆ ಮಟ್ಟಸವಾಗಿವೆ. ಎರಡರ ನಡುವೆ ನೆಲ ಮೇಲೆದ್ದು, ಮಡಿಚಿ, ಸವೆದುಹೋದ ದೀರ್ಘಕಾಲ ಅಡಗಿದೆ. 1788ರಲ್ಲಿ ಸ್ಕಾಟ್‌ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲತೀರದಲ್ಲಿ ಇಂಥದೇ ದೃಶ್ಯವನ್ನು ಕಂಡ ಜೇಮ್ಸ್ ಹಟನ್, ಭೂಮಿಯ ವಯಸ್ಸು ಅಂದಿನವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಎಂದು ವಾದಿಸಲು ಬಲವಾದ ಆಧಾರವನ್ನು ಪಡೆದ.

ಕರಗಿ ಕೂಡಿದ ಕಲ್ಲು

ಎಲ್ಲ ಜಲಜಶಿಲೆಯೂ ಒಡೆದ ಚೂರುಗಳಿಂದಲೇ ಆಗಬೇಕಿಲ್ಲ. ಕೊಳವೆಬಾವಿಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಗಟ್ಟಿ ಪದರ ಕೂಡುವುದನ್ನು ಮಕ್ಕಳು ಮನೆಯಲ್ಲೇ ನೋಡಿರುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ. ಇದೇ ಬಗೆಯ ಅಂಶ ಪ್ರಾಚೀನ ಸಮುದ್ರಗಳ ತಳದಲ್ಲಿ ಕೂಡಿ ಸುಣ್ಣಕಲ್ಲಾಯಿತು. ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿ ಅಂಥದು. ಪದರಪದರವಾಗಿ ಏಳುವುದರಿಂದಲೇ ಅದು ನೆಲಹಾಸಿಗೆ ಒದಗಿಬಂತು. ವಾಡಿ, ಸೇಡಂಗಳ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಸುಣ್ಣಕಲ್ಲಿನಿಂದಲೇ. ಅಡುಗೆಮನೆಯ ಕಡಪ ಕಲ್ಲೂ ಇದೇ ಜಾತಿ. ಅದರ ಮೇಲೆ ನಿಂಬೆರಸ ಬಿದ್ದರೆ ಕಲೆಯಾಗುವುದೇಕೆಂದರೆ, ಹುಳಿ ಸುಣ್ಣವನ್ನು ತಿನ್ನುತ್ತದೆ.

ಶಹಾಬಾದಿ ಕಲ್ಲಿನ ಚೂರನ್ನು ಉಜ್ಜಿ ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಅದು ಇಂಗಾಲದ ಡೈ ಆಕ್ಸೈಡ್. ಮೊಟ್ಟೆಯ ಚಿಪ್ಪಿನಲ್ಲೂ ಹೀಗೆಯೇ ಆಗುತ್ತದೆ. ಕಪ್ಪುಹಲಗೆಯ ಸೀಮೆಸುಣ್ಣದಿಂದ ಮಾತ್ರ ಇದನ್ನು ತೋರಿಸಲು ಹೊರಡಬೇಡಿ. ಈಗಿನ ಸೀಮೆಸುಣ್ಣ ಬಹುಪಾಲು ಜಿಪ್ಸಂನಿಂದ ಆದದ್ದು, ಗುಳ್ಳೆ ಬಾರದೆ ನೀವು ಮಕ್ಕಳ ಮುಂದೆ ಪೇಚಿಗೆ ಸಿಕ್ಕುತ್ತೀರಿ.

ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆಗಳು

"ಬಾದಾಮಿ ಬಂಡೆಯಲ್ಲಿ ಡೈನೋಸಾರ್ ಮೂಳೆ ಇದೆಯೇ?" ಇಲ್ಲ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಬಾದಾಮಿಯ ಮರಳು ಕಲ್ಲಾದದ್ದು ಅದಕ್ಕಿಂತ ಬಹಳ ಮುಂಚೆ, ಮೂಳೆಯಿರುವ ಪ್ರಾಣಿಯೇ ಭೂಮಿಯ ಮೇಲೆ ಇಲ್ಲದ ಕಾಲದಲ್ಲಿ. ಪಳೆಯುಳಿಕೆ ನೋಡಬೇಕಾದರೆ ತಮಿಳುನಾಡಿನ ಅರಿಯಲೂರಿಗೋ ಗುಜರಾತಿನ ಕಚ್ಛಿಗೋ ಹೋಗಬೇಕು. ಅಷ್ಟು ದೂರ ಏಕೆ, ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಚಕ್ರದ ಗುರುತಿರುವ ಸಾಲಿಗ್ರಾಮವಿದ್ದರೆ ಅದನ್ನು ಗೌರವದಿಂದ ನೋಡಲಿ. ನೇಪಾಳದ ಗಂಡಕಿಯಲ್ಲಿ ಸಿಗುವ ಅಂಥ ಕಲ್ಲುಗಳಲ್ಲಿನ ಸುರುಳಿ ಅಮೋನೈಟ್ ಎಂಬ ಕಡಲಜೀವಿಯ ಗುರುತು. ಹಿಮಾಲಯವಿರುವ ಕಡೆ ಹಿಂದೆ ಸಮುದ್ರವಿತ್ತು ಎಂಬುದಕ್ಕೆ ಅದು ಸಾಕ್ಷಿ.

"ಪಟ್ಟೆಯಿರುವ ಕಲ್ಲೆಲ್ಲ ಜಲಜಶಿಲೆಯೇ?" ಅಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಲ್ಲೂ ಪಟ್ಟೆಗಳಿವೆ. ಆದರೆ ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ರೂಪಾಂತರ ಶಿಲೆ. ಶಾಖ ಮತ್ತು ಒತ್ತಡಗಳಿಂದ ಮೂಡಿದ ಪಟ್ಟೆಗಳವು. ಆದ್ದರಿಂದ ಪಟ್ಟೆಯನ್ನು ನೋಡಿ ತೀರ್ಪು ಕೊಡದೆ, ಭೂತಗನ್ನಡಿ ಹಿಡಿದು ಕಣಗಳನ್ನು ನೋಡಬೇಕು. ಬೇರೆ ಬೇರೆಯಾದ ಮರಳಿನ ಕಾಳುಗಳು ಅಂಟಿನಿಂದ ಕೂಡಿಕೊಂಡಿವೆಯೇ, ಅಥವಾ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿವೆಯೇ ಎಂಬುದು ಮುಖ್ಯ.

ಒಂದು ಎಚ್ಚರಿಕೆ. ಪ್ರವಾಸಕ್ಕೆ ಹೋದಾಗ ಗುಹೆಯ ಗೋಡೆಯನ್ನು ಕೆರೆಯುವುದು, ಹೆಸರು ಬರೆಯುವುದು ಬೇಡವೇ ಬೇಡ. ಕಣಕ್ಕೆ ಕಣ ಅಂಟಿ ಆದ ಕಲ್ಲು ಕಣಕಣವಾಗಿಯೇ ಉದುರುತ್ತದೆ. ಕೈಗೆ ಕಲ್ಲು ಬೇಕಿದ್ದರೆ ಸ್ಮಾರಕಗಳಿಂದ ದೂರದ ಹಳ್ಳದಲ್ಲಿ ಬಿದ್ದ ಚೂರು ಸಾಕು.

ಆ ಹುಡುಗನಿಗೆ ನಾನು ಅಂದು, "ನೀನು ಹೇಳಿದ್ದೇ ಸರಿ, ಸೋಮವಾರದಿಂದ ಬೇರೆ ರೀತಿ ಮಾಡೋಣ" ಎಂದೆ. ಲೋಟದ ಪ್ರಯೋಗ ಹುಟ್ಟಿದ್ದು ಹಾಗೆ. ನಾಲ್ಕು ದಿನವೂ ಚಮಚ ಹಿಡಿದವನು ಅವನೇ. ನೀವೂ ಮಾಡಿ ನೋಡಿ. ಲೋಟ, ನೀರು, ನಾಲ್ಕು ಬಗೆಯ ಮಣ್ಣು ಇದ್ದರೆ ಸಾಕು. ಮಗು ಪ್ರಶ್ನೆ ಕೇಳಿದಾಗ ಮಾತ್ರ ಅವಸರಪಟ್ಟು ಉತ್ತರಿಸಬೇಡಿ. ಒಂದು ಕ್ಷಣ ಮತ್ತೆ ಶೀಷೆಯ ಕಡೆ ನೋಡಿ.